ಗಂಗಾತರಂಗಕ್ಕೆ ಮತ್ತೆ ನೀರು

ಹಿರೇಬನ್ನಿಹಟ್ಟಿ, ಕೊಟ್ಟೂರು ತಾಲ್ಲೂಕು
18 ಮೇ 2025

ಪುಷ್ಪಲತಾ,

ಕ್ಷೇಮ ಕೇಳುವುದಕ್ಕೆ ಬರೆಯುತ್ತಿಲ್ಲ. ಒಂಬತ್ತು ವರ್ಷ ಕೇಳದವಳು ಈಗ ಕೇಳಿದರೆ ನಾಟಕವಾಗುತ್ತದೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ, ಒಳ್ಳೆಯದೇ ಆಯಿತು. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀ. ಕಾಗದವನ್ನು ಹರಿದು ಹಾಕಬೇಕೆಂದರೂ ಒಮ್ಮೆ ಬಿಚ್ಚಲೇಬೇಕು. ಹಡಗಲಿಯಲ್ಲಿ ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೇ ಹಾಕುತ್ತಿದ್ದೇನೆ.

ನಿಮ್ಮ ಅಪ್ಪನ ವಾಟರ್ ಪಾರ್ಕಿನ ಬಗ್ಗೆ ನೀನು ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನು ಕೊಟ್ಟೂರಿನ ಅರ್ಧ ಜನ ಹಂಚಿಕೊಂಡಿದ್ದಾರೆ. ‘ನಮ್ಮ ಗಂಗಾತರಂಗ! ಸೈರನ್ ಕೂಗಿದ ಕೂಡಲೇ ಏಳುತ್ತಿದ್ದ ಅಲೆ, ಬಾಯಿಂದ ನೀರು ಕಾರುತ್ತಿದ್ದ ಸಿಮೆಂಟಿನ ಮೀನು, ಒದ್ದೆ ಕೈಯಲ್ಲಿ ತಿಂದ ಮಂಡಕ್ಕಿ ಮಿರ್ಚಿ. ಇಡೀ ಊರೇ ಒಂದಾಗಿ ನೀರಾಡಿದ ಕಾಲ’ ಎಂದು ಬರೆದಿದ್ದೀಯ. ಹಗರಿಬೊಮ್ಮನಹಳ್ಳಿಯಿಂದ, ತಂಬ್ರಹಳ್ಳಿಯಿಂದ, ಕೂಡ್ಲಿಗಿಯಿಂದ ಜನ ತಮ್ಮ ಹಳೆಯ ಫೋಟೋ ಹಾಕಿ ಕಣ್ಣೀರು ಸುರಿಸಿದ್ದಾರೆ. ಎಲ್ಲ ಫೋಟೋ ನೋಡಿದೆ, ಪುಷ್ಪಾ. ನಮ್ಮ ಕೇರಿಯ ಒಂದು ಮುಖವೂ ಅದರಲ್ಲಿಲ್ಲ. ನಿನ್ನ ‘ಇಡೀ ಊರು’ ಎಲ್ಲಿಗೆ ಮುಗಿಯುತ್ತದೆ, ಒಮ್ಮೆ ಗೆರೆ ಎಳೆದು ತೋರಿಸು.

ಬೈಯುವುದು ಇಷ್ಟಕ್ಕೇ ಆಗಿದ್ದರೆ ಫೇಸ್‌ಬುಕ್ಕಿನಲ್ಲೇ ಬೈಯುತ್ತಿದ್ದೆ. ಹೋದ ತಿಂಗಳು ನನ್ನ ಅಣ್ಣ ಓಬಳೇಶನ ಮಗಳು ಹುಲಿಗಿ ಸತ್ತಳು. ಏಳು ವರ್ಷದ ಮಗು. ಆಡಿಗೆ ನೀರು ಕುಡಿಸಲು ಕೃಷಿ ಹೊಂಡಕ್ಕೆ ಇಳಿದಳು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಎಷ್ಟು ಜಾರುತ್ತದೆಂದು ನಿನಗೆ ಗೊತ್ತಿರಲಾರದು. ಹತ್ತಲು ಹೋದವರನ್ನು ಅದು ಮತ್ತೆ ಒಳಗೇ ತಳ್ಳುತ್ತದೆ. ಈಜು ಬರುತ್ತಿದ್ದರೆ ಕೂಗಿ ಕರೆಯುವವರೆಗಾದರೂ ತೇಲುತ್ತಿದ್ದಳು. ಈಜು ಕಲಿಯಲು ನಮ್ಮ ಮಕ್ಕಳು ಯಾರ ಬಾವಿಗೆ ಇಳಿಯಬೇಕು? ಈ ಊರಿನ ಒಂದೊಂದು ಬಾವಿಗೂ ಒಬ್ಬೊಬ್ಬ ಗೌಡನಿದ್ದಾನೆ.

ಆ ಪಾರ್ಕನ್ನು ನಿನ್ನ ತಮ್ಮ ಗಂಗಾಧರ್ ಪ್ಲಾಟು ಮಾಡುವವರಿಗೆ ಮಾರುತ್ತಾನಂತೆ. ಜಮೀನು ನಿಮ್ಮಿಬ್ಬರ ಹೆಸರಿನಲ್ಲಿದೆ, ನಿನ್ನ ಸಹಿ ಇಲ್ಲದೆ ಆಗುವುದಿಲ್ಲ. ಸಹಿ ಹಾಕಬೇಡ. ಈಗ ನಾನು ಪಂಚಾಯಿತಿ ಸದಸ್ಯೆ. ಆ ಅಲೆಯ ಕೊಳ ನಮಗೆ ಬೇಕು, ಮಕ್ಕಳಿಗೆ ಈಜು ಕಲಿಸಲು. ಕೇಳುತ್ತಿದ್ದೇನೆ, ಬೇಡುತ್ತಿಲ್ಲ.

ದುರ್ಗಾದೇವಿ


ಹೂವಿನಹಡಗಲಿ
29 ಮೇ 2025

ದುರ್ಗಾದೇವಿ ಅವರಿಗೆ,

ಹುಲಿಗಿಯ ವಿಷಯವನ್ನು ಎರಡು ಸಲ ಓದಿದೆ. ಓಬಳೇಶಣ್ಣನಿಗೆ ಏನು ಹೇಳಬೇಕೋ ತಿಳಿಯದು. ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ಅದೂ ತಿಳಿಯದು.

ಉಳಿದದ್ದಕ್ಕೆ ಉತ್ತರ ಕೊಡುತ್ತೇನೆ. ಪಾರ್ಕು ಮುಚ್ಚಿದ್ದು ಯಾರಿಂದ? ನಾನು ದಾವಣಗೆರೆಯ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾಗ ನೀನು ಕೇರಿಯ ಹುಡುಗರನ್ನು ಕಟ್ಟಿಕೊಂಡು ಹಿಂದಿನ ಗೋಡೆ ಹಾರಿದೆ. ಗಲಾಟೆಯಾಯಿತು, ಪೊಲೀಸರು ಬಂದರು, ಗೇಟಿಗೆ ಬೀಗ ಬಿತ್ತು. ಪಿಯುಸಿಯಲ್ಲಿ ಎರಡು ವರ್ಷ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ನನಗೆ ಒಂದು ಮಾತು ಹೇಳಿದ್ದರೆ ಅಪ್ಪಾಜಿಗೆ ಹೇಳಿ ಒಳಗೆ ಬಿಡಿಸುತ್ತಿದ್ದೆ. ಆ ಪಾರ್ಕನ್ನು ಅವರು ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿಸಿದ್ದರು. ಅದು ಹಾಳಾದ ಮೇಲೆ ಹಗರಿಬೊಮ್ಮನಹಳ್ಳಿಯ ದಲಾಲಿ ಅಂಗಡಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನನ್ನ ನೆನಪುಗಳು ನಿನ್ನ ಪಾಲಿಗೆ ಅಪರಾಧವಾಗಿದ್ದರೆ ಆಗಲಿ.

ಸಹಿ ಹಾಕುತ್ತೇನೆಂದು ತಮ್ಮನಿಗೆ ಮಾತು ಕೊಟ್ಟಾಗಿದೆ.

ಪುಷ್ಪಲತಾ


ಹಿರೇಬನ್ನಿಹಟ್ಟಿ
6 ಜೂನ್ 2025

ಪುಷ್ಪಾ,

‘ಅವರಿಗೆ’ ಎಂದು ಬರೆದಿದ್ದೀಯ. ನಗು ಬಂತು. ಬೆಂಚಿನ ಕೆಳಗೆ ಕಾಲಿನಿಂದ ಒದೆಯುತ್ತಿದ್ದವಳು ನೀನು.

ಗೋಡೆ ಹಾರಿದ್ದು ನಿಜ. ಅದಕ್ಕೆ ಮೊದಲು ಎಷ್ಟು ಸಲ ಗೇಟಿನ ಮುಂದೆ ನಿಂತಿದ್ದೆವು, ಅದನ್ನು ಯಾರೂ ನಿನಗೆ ಹೇಳಲಿಲ್ಲ. ಈಜುವ ಬಟ್ಟೆ ಇಲ್ಲ ಎಂದರು. ಕೊಟ್ಟೂರಿನಲ್ಲಿ ಕೊಂಡು ತಂದೆವು. ಟಿಕೆಟ್ ಮುಗಿದಿದೆ ಎಂದರು. ನಮ್ಮ ಹಿಂದೆ ನಿಂತವರಿಗೆ ಟಿಕೆಟ್ ಇತ್ತು. ನನ್ನವ್ವ ನಾಗಕ್ಕ ಅದೇ ಕೊಳದ ನೆಲದ ಪಾಚಿ ತಿಕ್ಕುತ್ತಿದ್ದಳು. ನೀರಿಲ್ಲದಾಗ ನಾವು ಇಳಿಯಬಹುದಿತ್ತು, ನೀರಿದ್ದಾಗ ಇಳಿಯಬಾರದಿತ್ತು. ಕಾನೂನು ಅಷ್ಟೇ. ‘ನನಗೆ ಹೇಳಿದ್ದರೆ ಒಳಗೆ ಬಿಡಿಸುತ್ತಿದ್ದೆ’ ಎನ್ನುತ್ತೀ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುವವರಿಗೆ ಮಾಲೀಕನ ಮಗಳ ಚೀಟಿ ಏಕೆ ಬೇಕು?

ಪಾರ್ಕು ಮುಚ್ಚಿದ್ದು ಗಲಾಟೆಯಿಂದಲ್ಲ. ನಾವು ಇಳಿದ ದಿನ ಸಂಜೆ ನಿಮ್ಮಪ್ಪ ಕೊಳದ ವಾಲ್ವ್ ತೆಗೆಸಿದರು. ಅಷ್ಟೂ ನೀರನ್ನು ಜಾಲಿ ಪೊದೆಗೆ ಬಿಟ್ಟರು. ಅದು ಎಂಥ ಬೇಸಿಗೆ, ನೆನಪು ಮಾಡಿಕೋ. ನಮ್ಮ ಕೇರಿಯ ಮಿನಿ ಟ್ಯಾಂಕಿಗೆ ವಾರಗಟ್ಟಲೆ ನೀರು ಬಂದಿರಲಿಲ್ಲ. ನಾವು ಮುಟ್ಟಿದೆವೆಂದು ಚೆಲ್ಲಿದ ನೀರಿಗೆ ನಮ್ಮ ತಾಯಂದಿರೇ ಕೊಡ ಹಿಡಿದು ಓಡಿದರು. ಎಷ್ಟೋ ದಿನ ನಮ್ಮ ಸೀರೆಗಳಿಗೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ. ಹೊಸ ನೀರು ತುಂಬಿಸಲು ಹೋದರೆ ಬೋರುಗಳು ಕೆಮ್ಮಿ ಸುಮ್ಮನಾದವು. ಕೊಳ ಮತ್ತೆ ತುಂಬಲೇ ಇಲ್ಲ. ನಿಮ್ಮ ಪಾರ್ಕನ್ನು ಕೊಂದದ್ದು ನಾನಲ್ಲ, ಮಡಿ.

ನಂಬಬೇಡ. ನಿಮ್ಮಪ್ಪನನ್ನೇ ಕೇಳು. ಆಮೇಲೆ ಸಹಿ ಹಾಕು.

ದುರ್ಗಿ


ಹೂವಿನಹಡಗಲಿ
20 ಜುಲೈ 2025

ದುರ್ಗಿ,

ಕೇಳಲು ಇಷ್ಟು ದಿನ ಬೇಕಾಯಿತು. ಹಗರಿಬೊಮ್ಮನಹಳ್ಳಿಗೆ ಎರಡು ಸಲ ಹೋಗಿ, ಊಟ ಮಾಡಿ, ಕೇಳದೆ ಬಂದೆ. ಮೂರನೆಯ ಸಲ ಅಂಗಡಿಯಲ್ಲಿ ಮೆಕ್ಕೆಜೋಳದ ಚೀಲಗಳ ನಡುವೆ ನಿಂತೇ ಕೇಳಿದೆ.

“ಅಪ್ಪಾಜಿ, ಕೊಳದ ನೀರು ಯಾಕ ಚೆಲ್ಲಿಸಿದ್ರಿ?”

“ಯಾರು ಹೇಳಿದ್ರು ನಿನಗ?”

“ಯಾರರ ಹೇಳ್ಲಿ. ಖರೇನೋ, ಸುಳ್ಳೋ?”

ತಕ್ಕಡಿಯ ಕಡೆ ನೋಡುತ್ತಾ ಹೇಳಿದರು: “ಖರೇ. ಮರುದಿನ ಸ್ಕೂಲಿನ ಬಸ್ಸು ಬರೋದಿತ್ತು. ‘ನೀರು ಬದಲ್ ಮಾಡ್ತೀರೋ, ನಾವು ಬರೋದು ಬಿಡಾಣೋ’ ಅಂತ ಫೋನ್ ಮಾಡಿದ್ರು. ಯಾಪಾರ ಮಾಡೋನು ಗಿರಾಕಿ ಮಾತು ಕೇಳಬೇಕವ್ವಾ.”

“ಬೋರು ಬತ್ತತಾವ ಅಂತ ಗೊತ್ತಿರಲಿಲ್ಲೇನ್ರಿ?”

“ಬೋರಿನವ ಬಡಕೊಂಡಿದ್ದ, ಖಾಲಿ ಮಾಡಬ್ಯಾಡ್ರಿ ಸಾವ್ಕಾರ್ರೇ ಅಂತ. ನಾ ಚೆಲ್ಲಿದೆ. ಚೆಲ್ಲಿದ ಮ್ಯಾಲೆ ನೀರೂ ಬರಲಿಲ್ಲ, ಗಿರಾಕಿನೂ ಬರಲಿಲ್ಲ.”

ಹಮಾಲರು ಕೇಳಿಸಿಕೊಳ್ಳುತ್ತಿದ್ದರು. ಅಪ್ಪಾಜಿ ದನಿ ತಗ್ಗಿಸಲಿಲ್ಲ. ಎಷ್ಟೋ ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗಿತ್ತು. ನಾನು ಹೊರಡುವಾಗ, “ಆ ಹುಡುಗಿ ಈಗೇನು ಮಾಡ್ತಾಳ?” ಎಂದರು.

“ಪಂಚಾಯಿತಿ ಮೆಂಬರ್ ಅದಾಳ.”

“ಆಗಬೇಕಾದ್ದೇ ಬಿಡು. ಜೋರದಾಳ.”

ನಾನು ಬರೆದದ್ದನ್ನು ಫೇಸ್‌ಬುಕ್ಕಿನಿಂದ ತೆಗೆಯಬೇಕೆಂದುಕೊಂಡೆ. ತೆಗೆಯಲಿಲ್ಲ. ಅದರ ಕೆಳಗೇ ಅಪ್ಪಾಜಿ ಹೇಳಿದ್ದನ್ನೂ ಬರೆದು ಹಾಕಿದೆ. ಮೊದಲು ಕಣ್ಣೀರು ಹಾಕಿದವರು ಯಾರೂ ಇದನ್ನು ಹಂಚಿಕೊಂಡಿಲ್ಲ.

ಸಹಿ ಹಾಕಿಲ್ಲ. ಆದರೆ ನೀರು ಎಲ್ಲಿಂದ ತರುತ್ತೀ?

ಪುಷ್ಪಾ


ಹಿರೇಬನ್ನಿಹಟ್ಟಿ
19 ಆಗಸ್ಟ್ 2025

ಪುಷ್ಪಾ,

ನೀರಿದೆ. ನಮ್ಮ ಕೆರೆಗೆ ಪೈಪಿನಲ್ಲಿ ಹೊಳೆ ನೀರು ಬರತೊಡಗಿದ ಮೇಲೆ ಸುತ್ತಲಿನ ಬೋರುಗಳು ಜೀವ ಹಿಡಿದಿವೆ. ಪಾರ್ಕಿನ ಒಂದು ಬೋರಿಗೆ ಮೋಟಾರು ಇಳಿಸಿ ನೋಡಿದೆವು. ಮೊದಲು ಕೆಂಪು ರಾಡಿ, ಆಮೇಲೆ ತಿಳಿ ನೀರು. ನನ್ನವ್ವ ಬೊಗಸೆಯಲ್ಲಿ ಹಿಡಿದು ಕುಡಿದು, “ಇನ್ನಾ ಸಪ್ಪಗ ಐತಿ, ಆದ್ರೂ ಜೀವ ಐತಿ” ಎಂದಳು.

ನೀರು ಸಿಕ್ಕಿತು, ಮನುಷ್ಯರು ಸಿಕ್ಕಲಿಲ್ಲ. ಗ್ರಾಮಸಭೆಯಲ್ಲಿ ವಿಷಯ ಇಟ್ಟೆ. ಮೇಲಿನ ಓಣಿಯ ಸದಸ್ಯ ಗುರುಸಂಗಪ್ಪ ಎದ್ದು ನಿಂತ. ಬಾಯಿತುಂಬ ಬೆಲ್ಲ.

“ಬ್ಯಾಡ ಅಂತ ಯಾರಂದ್ರು? ಮಕ್ಕಳು ಈಜ ಕಲೀಲಿ. ಸೋಮವಾರ ನೀರು ತುಂಬ್ಸೋಣು, ರವಿವಾರ ಸಂಜಿಗೆ ಖಾಲಿ ಮಾಡೋಣು. ರವಿವಾರ ಕೇರಿ ಮಕ್ಕಳದು. ಉಳಿದ ದಿನ ಉಳಿದವರದು. ಜಗಳಿಲ್ಲ, ತಂಟಿಲ್ಲ.”

“ರವಿವಾರನ ಯಾಕಣ್ಣಾ?” ಎಂದೆ.

“ರಜಾ ಇರ್ತೈತಲ್ಲವ್ವಾ. ನಿಮಗ ಅನುಕೂಲಾಗ್ಲಿ ಅಂತ.”

“ಹಂಗಾದ್ರ ಸೋಮವಾರ ಹೊಸ ನೀರಿಗೆ ನಾವು ಇಳೀತೀವಿ. ಆಮ್ಯಾಲೆ ವಾರೆಲ್ಲಾ ನೀವು ಇಳೀರಿ.”

ಮುಂದೆ ಕುಳಿತವರು ಗುರುಸಂಗಪ್ಪನ ಕಡೆ ತಿರುಗಿದರು. ಆಮೇಲೆ ಯಾರೋ “ನೋಡ್ರಪಾ, ಹೆಂಗ ಮಾತಾಡ್ತಾಳ ನೋಡ್ರಿ” ಎಂದರು. ಆಗ ಹಿಂದಿನ ಸಾಲಿನಿಂದ ನನ್ನವ್ವ ಕೂಗಿದಳು: “ಏ ಗುರುಸಂಗಪ್ಪಾ, ನಿನ್ನ ಹೊಲದಾಗ ಕಳೆ ತಗ್ಯಾಕ ಕರಿಯೋವಾಗ ವಾರ ನೋಡ್ತೀಯೇನೋ?”

ಹೆಂಗಸರೆಲ್ಲ ನಕ್ಕರು. ಮೇಲಿನ ಓಣಿಯ ಹೆಂಗಸರೂ ನಕ್ಕರು, ಸೆರಗು ಬಾಯಿಗೆ ಹಿಡಿದು. ಆದರೆ ಕೈ ಎತ್ತಿ ಎಂದಾಗ ಕೈಗಳು ಗುರುಸಂಗಪ್ಪನ ಕಡೆಗೇ ಎದ್ದವು. ನಿರ್ಣಯ ಬರೆದಿಟ್ಟಿದ್ದಾರೆ: ರವಿವಾರ ನಮಗೆ. ನಾನು ಸಹಿ ಹಾಕದೆ ಎದ್ದು ಬಂದೆ.

ದುರ್ಗಿ


ಹೂವಿನಹಡಗಲಿ
26 ಆಗಸ್ಟ್ 2025

ಪ್ರಿಯ ದುರ್ಗಿ,

ಸಿಟ್ಟು ಮಾಡಬೇಡ, ಪೂರ್ತಿ ಓದು. ಒಪ್ಪಿಕೊಂಡರೆ ಹೇಗೆ? ಒಂದು ದಿನವಾದರೂ ನಿಮ್ಮ ಮಕ್ಕಳು ನೀರಿಗಿಳಿಯುತ್ತಾರೆ. ಹೊಂಡಕ್ಕೆ ಬಿದ್ದ ಮಗುವನ್ನು ‘ನೀನು ಈಜು ಕಲಿತದ್ದು ರವಿವಾರವೋ ಸೋಮವಾರವೋ’ ಎಂದು ನೀರು ಕೇಳುವುದಿಲ್ಲ. ಮೊದಲು ಜೀವ ಉಳಿಯಲಿ, ಮಾನದ ಜಗಳ ಆಮೇಲೆ ಆಡೋಣ. ಹುಲಿಗಿಯನ್ನು ನೆನಪು ಮಾಡಿಕೊಂಡು ಯೋಚಿಸು. ಗಂಗಾಧರ್ ದಿನಾ ಫೋನ್ ಮಾಡುತ್ತಿದ್ದಾನೆ. ಪಂಚಾಯಿತಿ ಒಪ್ಪಿದರೆ ಅವನ ಬಾಯಿ ಮುಚ್ಚಿಸಬಹುದು.

ನಿನ್ನ ಪುಷ್ಪಾ


ಹಿರೇಬನ್ನಿಹಟ್ಟಿ
30 ಆಗಸ್ಟ್ 2025

ಪುಷ್ಪಲತಾ,

ನನ್ನ ಅಣ್ಣನ ಮಗಳ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡ.

ನಿನ್ನ ಮಾತಿನಲ್ಲಿ ಮುಳ್ಳಿನ ಮೊನೆಯಷ್ಟು ಸತ್ಯವಿದೆ. ಚುಚ್ಚುತ್ತಿರುವುದೂ ಅದೇ. ಕಾಗದವನ್ನು ಓಬಳೇಶಣ್ಣನಿಗೆ ಓದಿ ಹೇಳಿದೆ. ಅವನು ಹೌದು ಅಂದುಬಿಟ್ಟರೆ ನಾನೂ ಹೌದು ಅನ್ನುತ್ತೇನೆ, ಮಗಳನ್ನು ಕಳೆದುಕೊಂಡವನು ಅವನು ಎಂದುಕೊಂಡೆ. ಅವನು ಬೀಡಿ ಆರಿಸಿ, “ನಮ್ಮ ಹುಡುಗ್ರು ಇಳಿದ ಮ್ಯಾಲೆ ವಾಲ್ವ್ ತಗೀತಾರಲ್ಲ, ಅದನ್ನ ಹುಡುಗ್ರು ದಂಡಿ ಮ್ಯಾಲೆ ನಿಂತು ನೋಡ್ತಾವ ತಂಗಿ. ಈಜೂ ಕಲೀತಾವ, ಅದನ್ನೂ ಕಲೀತಾವ” ಎಂದ.

ನಾವು ಮುಟ್ಟಿದ ನೀರು ವಾರವಾರವೂ ಹೊಲಸೆಂದು ಹರಿದು ಹೋಗುವುದನ್ನು ನೋಡುತ್ತಾ ಬೆಳೆದ ಮಗು ಮುಳುಗದೆ ಉಳಿಯಬಹುದು. ಆದರೆ ತಲೆ ಎತ್ತುವುದಿಲ್ಲ. ನನಗೆ ಎರಡೂ ಬೇಕು. ಎರಡರಲ್ಲಿ ಒಂದನ್ನು ಆರಿಸು ಎನ್ನುವುದು ನಿಮ್ಮ ಓಣಿಯವರ ಹಳೆಯ ಆಟ.

ಆಗದಿದ್ದರೆ ಪ್ಲಾಟು ಮಾಡಿಸು. ಸಿಮೆಂಟಿನ ಮೀನಿನ ಮೇಲೆ ಮನೆ ಕಟ್ಟಲಿ.

ದುರ್ಗಾದೇವಿ


ಹೂವಿನಹಡಗಲಿ
12 ಅಕ್ಟೋಬರ್ 2025

ದುರ್ಗಿ,

ನಿನ್ನ ಕಾಗದ ಬಂದ ಮೇಲೆ ಒಂದು ದಿನ ತರಗತಿಯಲ್ಲಿ ಪಾಠ ನಿಲ್ಲಿಸಿ ನಿಂತೆ. ನನ್ನ ಮಕ್ಕಳಲ್ಲಿ ಯಾರನ್ನು ರವಿವಾರಕ್ಕೆ ಕಳಿಸಬೇಕು, ಯಾರನ್ನು ಉಳಿದ ದಿನಕ್ಕೆ? ಮುಂದಿನ ಬೆಂಚಿನಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಒಂದೇ ಪುಸ್ತಕ ಹಂಚಿಕೊಂಡು ಓದುತ್ತಾರೆ, ಬೆಳಿಗ್ಗೆ ಬಿಡಿಸಿದ ಮಲ್ಲಿಗೆಯಲ್ಲಿ ಉಳಿದದ್ದನ್ನು ಒಬ್ಬರ ಜಡೆಗೊಬ್ಬರು ಮುಡಿಸುತ್ತಾರೆ. ಮನಸ್ಸಿನಲ್ಲೇ ಅವರಿಬ್ಬರನ್ನು ಬೇರೆ ಮಾಡಿ ನೋಡಿದೆ. ನನಗೇ ಹೇಸಿಗೆಯಾಯಿತು. “ಟೀಚರ್, ಹುಷಾರಿಲ್ಲೇನ್ರಿ?” ಎಂದು ಅವರಲ್ಲೇ ಒಬ್ಬಳು ಕೇಳಿದಳು.

ಹರಪನಹಳ್ಳಿಯ ವಕೀಲರ ಹತ್ತಿರ ಗಂಗಾಧರನನ್ನು ಕರೆದುಕೊಂಡು ಹೋದೆ. ಪಾಲು ಆಯಿತು. ರಸ್ತೆ ಬದಿಯ ಜಾಗವೆಲ್ಲ ಅವನಿಗೆ, ಅಲೆಯ ಕೊಳ ಮತ್ತು ಬೋರು ನನಗೆ. “ಹೊಂಡ ತಗೊಂಡು ಕುಣಿಯಕ್ಕಾ” ಎಂದು ಬೈದು ಬಸ್ ಹತ್ತಿದ. ಹರಪನಹಳ್ಳಿ ದಾಟುವವರೆಗೆ ಬೇರೆ ಸೀಟಿನಲ್ಲಿ ಕುಳಿತಿದ್ದ, ಆಮೇಲೆ ತಾನೇ ಬಂದು ಪಕ್ಕದಲ್ಲಿ ಕುಳಿತು ಶೇಂಗಾ ಕೊಟ್ಟ.

ಕೊಳವನ್ನು ಹತ್ತು ವರ್ಷಕ್ಕೆ ಪಂಚಾಯಿತಿಗೆ ಬಿಟ್ಟುಕೊಡುತ್ತೇನೆ. ಆಮೇಲಿನದು ಗೊತ್ತಿಲ್ಲ. ನನ್ನ ಷರತ್ತು ಇಷ್ಟು: ಗೇಟು ಒಂದೇ, ವಾರ ಹಂಚಿಕೆ ಇಲ್ಲ. ನೀರು ಕೊಳೆಯಾದರೆ ಬದಲಿಸಬೇಕು, ಯಾರೋ ಇಳಿದರೆಂದು ಬದಲಿಸಬಾರದು. ತಪ್ಪಿದ ದಿನ ಕೊಳ ನನಗೆ ವಾಪಸ್. ಗುರುಸಂಗಪ್ಪನವರು ಫೋನ್ ಮಾಡಿ, “ಏನವ್ವಾ, ಸಾವ್ಕಾರ್ರ ಮಗಳಾಗಿ ಹಿಂಗ ಬರಸ್ತೀಯಾ?” ಎಂದರು. “ಸಾವ್ಕಾರ್ರ ಮಗಳಾಗಿದ್ದಕ್ಕ ಬರಸಾಕ ಬಂತ್ರೀ” ಎಂದೆ. ಪುಕ್ಕಟೆ ಸಿಕ್ಕ ಕೊಳವನ್ನು ಬಿಡಲು ಅವರಿಗೂ ಮನಸ್ಸಿಲ್ಲ. ಒಪ್ಪಿದ್ದಾರೆ.

ಕಲಿಸುವವರನ್ನು ನೀನು ನೋಡಿಕೋ. ಇನ್ನೊಂದು ಮಾತು. ವಾಟರ್ ಪಾರ್ಕಿನ ಮಾಲೀಕನ ಮಗಳಿಗೆ ಈಜು ಬರುವುದಿಲ್ಲ. ‘ಹೆಣ್ಮಕ್ಕಳು ಶವರ್ ಕೆಳಗ ಆಡ್ರಿ ಸಾಕು’ ಎನ್ನುತ್ತಿದ್ದರು ಮನೆಯಲ್ಲಿ. ಮೊದಲ ಪಾಠ ನನಗೇ ಆಗಲಿ.

ಪುಷ್ಪಿ


ಹಿರೇಬನ್ನಿಹಟ್ಟಿ
23 ನವೆಂಬರ್ 2025

ಲೇ ಪುಷ್ಪಿ,

ಮೈಕೈ ನೋವು ಹೋಯಿತೇ? ಕೊಳ ತೆರೆದ ದಿನ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ನೀನು ಕೈಕಾಲು ಬಡಿದದ್ದನ್ನು ಕೇರಿಯ ಮಕ್ಕಳು ಈಗಲೂ ಆಡಿ ತೋರಿಸುತ್ತಾರೆ. ನನ್ನ ಮಾವ ರಾಮಾಂಜನೇಯ, ಮೈಲಾರದ ಹೊಳೆಯಲ್ಲಿ ನನಗೆ ಈಜು ಕಲಿಸಿದವನು, “ಆ ಟೀಚರಮ್ಮ ಮುಳುಗಾಕಿಲ್ಲ ಬಿಡು, ಕೈಕಾಲು ಬಡಿಯೋ ಅಬ್ಬರಕ್ಕ ನೀರೇ ಹೆದರತೈತಿ” ಎನ್ನುತ್ತಾನೆ. ತಿಂಗಳು ಇಲ್ಲೇ ಇರುತ್ತೇನೆಂದಿದ್ದಾನೆ.

ನೀನು ಹೋದ ಮೇಲೆ ಏನಾಯಿತು ಎಂದು ಕೇಳಿದ್ದೀಯ. ಮಾಲೆ, ಭಾಷಣ ಎಲ್ಲ ಮುಗಿದ ಮರುದಿನ ಮೇಲಿನ ಓಣಿಯಿಂದ ಒಂದು ಮಗುವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಹಂಚದಿದ್ದರೂ ಜನ ತಾವೇ ಹಂಚಿಕೊಂಡುಬಿಟ್ಟರು ಎಂದು ಹಲ್ಲು ಕಡಿದೆ. ‘ಇಡೀ ಕೊಳ ನಮ್ಮದೇ, ಒಳ್ಳೇದಾತು’ ಎಂದು ನಮ್ಮ ಹುಡುಗರು ಕುಣಿದರು. ನನಗೆ ಕುಣಿಯಲಾಗಲಿಲ್ಲ.

ಆಮೇಲೆ ಶಾಲೆ ಬಿಟ್ಟ ಹೊತ್ತಿಗೆ ಎರಡು ತಲೆಗಳು ಹೆಚ್ಚಾದವು. ಗೇಟಿನಿಂದ ಬಂದವರಲ್ಲ, ಪುಷ್ಪಿ. ಹಿಂದಿನ ಗೋಡೆ ಹಾರಿ ಬಂದಿದ್ದರು, ನಾವು ಹಾರಿದ್ದೆವಲ್ಲ, ಹಾಗೆ. ಗುರುಸಂಗಪ್ಪನ ಮಗಳು ಅರ್ಚನಾ, ಅವಳ ಜೊತೆಗೊಬ್ಬಳು. “ಗೇಟು ತೆಗದೈತಲ್ಲೇ, ಗ್ವಾಡಿ ಯಾಕ ಹಾರ್ತೀರಿ?” ಎಂದೆ. “ಗೇಟಿನ್ಯಾಗ ಬಂದ್ರ ಮನ್ಯಾಗ ಗೊತ್ತಾಗತೈತ್ರಿ ಮೆಂಬರಕ್ಕಾ” ಎಂದಳು. ಮನೆಗೆ ಹೋಗುವ ಮುಂಚೆ ಕೂದಲು ಒಣಗಿಸಿಕೊಳ್ಳಲು ಇಬ್ಬರೂ ಸಿಮೆಂಟಿನ ಮೀನಿನ ಬೆನ್ನ ಮೇಲೆ ಬಿಸಿಲಿಗೆ ಕೂರುತ್ತಿದ್ದರು.

ಚಳಿಗಾಲದ ಬಿಸಿಲು ಎಷ್ಟು ಒಣಗಿಸೀತು? ಮೊನ್ನೆ ಸಿಕ್ಕಿಬಿದ್ದರು. ಗುರುಸಂಗಪ್ಪನ ಹೆಂಡತಿ ತಿಪ್ಪೇರುದ್ರಮ್ಮ ಗೇಟಿನಿಂದಲೇ ಬೈಯುತ್ತಾ ಬಂದಳು.

“ಎಲ್ಲೈತೆ ಆ ಮೂಳ? ಬಾರಲೇ ಹೊರಗ! ನಿಮ್ಮಪ್ಪಗ ಗೊತ್ತಾದ್ರ ಕಾಲು ಮುರೀತಾನ!”

ಅರ್ಚನಾ ದಂಡೆಗೆ ಬರುವ ಬದಲು ಹಿಂದಕ್ಕೆ ಸರಿದಳು. ಆ ಕೊಳದ ನೆಲ ನಿನಗೆ ಗೊತ್ತಲ್ಲ, ಮೆಟ್ಟಿಲಿಲ್ಲ, ಇಳಿಜಾರು. ತಾಯಿ ಒಂದು ಹೆಜ್ಜೆ ಇಟ್ಟಳು, ಮಗಳು ಒಂದು ಹೆಜ್ಜೆ ಸರಿದಳು. ಪಾದ ಒದ್ದೆಯಾಯಿತು, ಮೊಣಕಾಲು ಮುಳುಗಿತು, ಸೀರೆ ಛತ್ರಿಯ ಹಾಗೆ ನೀರ ಮೇಲೆ ಅರಳಿತು. ಸುತ್ತ ನಮ್ಮ ಕೇರಿಯ ಮಕ್ಕಳು ಈಜು ಬಿಟ್ಟು ಬಾಯಿ ತೆರೆದು ನಿಂತಿದ್ದವು. ಸೊಂಟದ ನೀರಿಗೆ ಬಂದ ಮೇಲೆ ತಿಪ್ಪೇರುದ್ರಮ್ಮನಿಗೆ ತಾನೆಲ್ಲಿದ್ದೇನೆ ಎಂದು ತಿಳಿಯಿತು. ಬೈಗುಳ ನಿಂತುಹೋಯಿತು.

ನಾನು ಬಾಯಿ ಬಿಡಬಾರದೆಂದು ತುಟಿ ಕಚ್ಚಿಕೊಂಡೆ. ನನ್ನವ್ವನಿಗೆ ಆ ತಾಳ್ಮೆ ಎಲ್ಲಿದೆ? ದಂಡೆಯ ಮೇಲಿಂದ ಕೇಳಿಯೇಬಿಟ್ಟಳು: “ತಿಪ್ಪಮ್ಮಾ, ನೀರು ತಣ್ಣಗೈತೇನಬೇ?”

ಆಕೆ ಸಿಟ್ಟಿನಿಂದ ತಿರುಗಿದಳು. ತಿರುಗಿದ್ದಕ್ಕೇ ಕಾಲು ಜಾರಿತು. ಕೂಗಲು ಬಾಯಿ ತೆರೆದಾಗ ಎಡಗೈಯನ್ನು ಅರ್ಚನಾ ಹಿಡಿದಳು. ಬಲಗೈಯನ್ನು ಹಿಡಿದದ್ದು ಯಾರು ಗೊತ್ತೇ? ಓಬಳೇಶಣ್ಣನ ಹಿರಿಯ ಮಗಳು, ಹುಲಿಗಿಯ ಅಕ್ಕ. ತಿಪ್ಪೇರುದ್ರಮ್ಮನ ಕೈ ಒಮ್ಮೆ ಬಿಡಿಸಿಕೊಳ್ಳಲು ನೋಡಿತು. ಆಮೇಲೆ ಗಟ್ಟಿಯಾಗಿ ಹಿಡಿದುಕೊಂಡಿತು.

ನಾನು ನೀರಿಗೆ ಧುಮುಕಲು ಹೊರಟೆ. ಮಾವ ತೋಳು ಹಿಡಿದು ನಿಲ್ಲಿಸಿದ. ಇಬ್ಬರೂ ಹುಡುಗಿಯರು ಎದೆಮಟ್ಟದ ನೀರಿನಲ್ಲಿ ನಿಂತು, ಅಷ್ಟು ದೊಡ್ಡ ಹೆಂಗಸನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಒರಗಿಸಿದರು. ಅರ್ಚನಾ ತಾಯಿಯ ಕಿವಿಯ ಹತ್ತಿರ ಬಾಯಿಟ್ಟು ಹೇಳುತ್ತಿದ್ದಳು:

“ಹೆದರಬ್ಯಾಡಬೇ ಅವ್ವಾ. ಕಾಲು ಬಿಡು. ನೀರು ಹಿಡಿತೈತಿ.”

ತಿಪ್ಪೇರುದ್ರಮ್ಮ ಕಣ್ಣು ಮುಚ್ಚಿ ಕಾಲು ಬಿಟ್ಟಳು.

ನಿನ್ನ,
ದುರ್ಗಿ